ಇಂಡಿಕೇಟರ್ ಹಾಕಿದ ಪುಂಡ

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ಸಿಂಗಪುರದ ಬೆಡೋಕ್‌ನಲ್ಲಿರುವ ನಮ್ಮ ವರ್ಕ್‌ಶಾಪಿಗೆ ಬಂದ ಯಾವ ಬೈಕೂ ನನ್ನ ಕೈಯಲ್ಲಿ ಸರಿಹೋಗದೆ ವಾಪಸ್ಸಾಗಿಲ್ಲ. ಆ ಹೆಸರು ಕೇಳಿಯೇ ಸಿನಿಮಾದವರು ಹುಡುಕಿಕೊಂಡು ಬಂದರು. ಸಿನಿಮಾದವರೆಂದರೆ ವಾರವಿಡೀ ಬ್ಯಾಂಕು, ಸಾಫ್ಟ್‌ವೇರು ಎಂದು ದುಡಿದು ಭಾನುವಾರ ಮಾತ್ರ ರೌಡಿಗಳಾಗುವ ನಮ್ಮ ಕನ್ನಡದವರೇ. ಚಿಕ್ಕಂದಿನಲ್ಲಿ ಕದ್ದು ನೋಡಿದ ಅಗ್ಗದ ಬೈಕ್ ಗ್ಯಾಂಗ್ ಚಿತ್ರಗಳಂಥದ್ದೇ ಒಂದನ್ನು ತೆಗೆಯುವ ಆಸೆ ಅವರಿಗೆ. ಚರ್ಮದ ಜಾಕೆಟ್ಟು, ಕಾರಣವಿಲ್ಲದ ಹೊಡೆದಾಟ, ಅದಕ್ಕಿಂತಲೂ ಕಾರಣವಿಲ್ಲದ ಕುಣಿತ.

ಗ್ಯಾಂಗ್ ಲೀಡರ್ ಪಾತ್ರ ಒಬ್ಬ ಬ್ಯಾಂಕ್ ಮ್ಯಾನೇಜರದು. ಗಡ್ಡ ಬಿಟ್ಟಿದ್ದರು, ಬೈಕ್ ಲೈಸೆನ್ಸ್ ಇರಲಿಲ್ಲ. ಹಾಗಾಗಿ ಪೊಲೀಸರಿಂದ ತಪ್ಪಿಸಿಕೊಂಡು ಓಡುವ ಕ್ಲೈಮ್ಯಾಕ್ಸಿನಲ್ಲಿ, ಹೆಲ್ಮೆಟ್ಟಿನೊಳಗೆ ಮುಖ ಮುಚ್ಚಿ ಓಡಿಸಿದವನು ನಾನು. ಒಂದೇ ಟೇಕ್. ಹೆಂಡತಿ, ಮಗಳಿಗೆ ಹೇಳಿಕೊಂಡೂ ಆಯಿತು.

ಅವರ ಕಾಂಡೋ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಚಿತ್ರ ತೋರಿಸುವ ದಿನ ಮ್ಯಾನೇಜರು ಬಾಗಿಲಲ್ಲೇ ನಿಂತು ಬಂದವರಿಗೆಲ್ಲ ಹೇಳುತ್ತಿದ್ದರು. "ಡೂಪ್ ಗೀಪ್ ಏನಿಲ್ಲ ರೀ, ಸ್ಟಂಟ್ ಪೂರ್ತಿ ನಂದೇ."

ಮಗಳು ನನ್ನ ಮುಖ ನೋಡಿದಳು. "ಅಪ್ಪಾ, ನೀನು ಹೇಳಿದ್ದು ಸುಳ್ಳಾ?"

ಟೈಟಲ್ಲಿನಲ್ಲೂ ನನ್ನ ಹೆಸರಿರಲಿಲ್ಲ. ಬಾಯಿ ಬಿಟ್ಟು ಕೇಳಿಕೊಳ್ಳುವ ಜಾಯಮಾನ ನನ್ನದಲ್ಲ.

ಪರದೆಯ ಮೇಲೆ ಹಾಕರ್ ಸೆಂಟರಿನ, ಅಂದರೆ ಸಾಲು ಊಟದಂಗಡಿಗಳ ಅಂಗಳದ, ಹೊಡೆದಾಟ ಮುಗಿಯಿತು. ಟೇಬಲ್ಲಿಗೆ ಒದ್ದ ಗ್ಯಾಂಗು, ಬಿದ್ದ ಟ್ರೇಗಳನ್ನೆಲ್ಲ ಎತ್ತಿ ಸ್ಟ್ಯಾಂಡಿಗೆ ಇಟ್ಟೇ ಹೊರಟಿತು. ಯಾರೂ ನಗಲಿಲ್ಲ. ಟ್ರೇ ಬಿಟ್ಟುಹೋದರೆ ಇಲ್ಲಿ ದಂಡ; ನಾವೆಲ್ಲ ದಿನಾ ಮಾಡುವುದೂ ಅದನ್ನೇ.

ಕೊನೆಗೆ ಸೈರನ್. ಬೈಕು ನುಗ್ಗಿತು. ತಿರುವಿನ ಹತ್ತಿರ ಆ ಭಯಂಕರ ಪುಂಡ ವೇಗ ತಗ್ಗಿಸಿದ, ಕತ್ತು ಹೊರಳಿಸಿ ಹಿಂದೆ ನೋಡಿದ, ಇಂಡಿಕೇಟರ್ ಹಾಕಿದ, ಆಮೇಲೆ ತಿರುಗಿದ. ಶೂಟಿಂಗಿನ ದಿನ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಹಾಲಿನಲ್ಲಿದ್ದವರೆಲ್ಲ ಬಿದ್ದುಬಿದ್ದು ನಕ್ಕರು.

"ಪೊಲೀಸ್ರಿಗೆ ಅಡ್ರೆಸ್ ಹೇಳ್ಕೊಂಡು ಓಡ್ತಿದಾನೆ ಕಣ್ರೋ!"

"ಗುಡ್ ಬಾಯ್ ಗ್ಯಾಂಗ್‌ಸ್ಟರ್ ಲಾ!" ಎಂದು ಮಕ್ಕಳು ಇಲ್ಲಿನ ಇಂಗ್ಲಿಷಿನ ಧಾಟಿಯಲ್ಲಿ ಕೂಗಿದವು.

ಮ್ಯಾನೇಜರು ತಟ್ಟನೆ ಎದ್ದರು. "ಅಯ್ಯೋ, ಅದು ನಾನಲ್ಲ ರೀ! ಅಲ್ಲಿ ಕೂತಿದಾರಲ್ಲ, ಮೆಕ್ಯಾನಿಕ್ಕು, ಅವ್ರು ಓಡ್ಸಿದ್ದು!"

ಎಲ್ಲರೂ ನನ್ನ ಕಡೆ ತಿರುಗಿದರು. ಮಗಳೂ ತಿರುಗಿದಳು. ನಾನು ಎದ್ದು ಅಂಗಿ ಸರಿಮಾಡಿಕೊಂಡೆ.

"ಹೌದು ಸಾರ್, ನಾನೇ. ಇಲ್ಲಿ ಇಷ್ಟು ವರ್ಷ ಗಾಡಿ ಓಡ್ಸಿದೀನಿ, ಒಂದು ಫೈನ್ ಕಟ್ಟಿಲ್ಲ. ಕೂತ್ಕೊಂಡ್ ನೋಡಿ, ಮುಂದಿನ ತಿರುವಲ್ಲೂ ಹಾಕಿದೀನಿ."