ಹೆಂಡತಿಯ ಮಾತು ಕೇಳಿದ ದಿನ

ಅಮೆರಿಕದ ಮೇನ್ ಸೀಮೆಯ ಆ ಕಡಲೂರಿನಲ್ಲಿ ಹಾಲಿಸ್ ಬೀಲ್‌ಗೆ ಎಲ್ಲರೂ ಅಂಟಿಸಿದ್ದ ವಿಶೇಷಣ ಒಂದೇ: ‘ಕಾಂಟ್ರರಿ’, ಅಂದರೆ ಹೇಳಿದ್ದಕ್ಕೆ ಸದಾ ಉಲ್ಟಾ. ಹೊತ್ತಿಕೊಳ್ಳದ ಒಲೆಗೂ ಎದುರು ಗಾಳಿಗೂ ಅಲ್ಲಿ ಅದೇ ಮಾತು. ಹಟಮಾರಿಗೆ ಮಾತ್ರ ಅದು ಸಲ್ಲದು. ಹಟಮಾರಿ ಹಿಡಿದದ್ದನ್ನು ಬಿಡುವುದಿಲ್ಲ. ಹಾಲಿಸ್, ಬಿಡಬೇಡ ಎಂದರೆ ಸಾಕು, ಬಿಟ್ಟುಬಿಡುತ್ತಿದ್ದ.

ಹೆಂಡತಿ ಅರ್ವಿಲ್ಲಾ ನಲವತ್ತು ವರ್ಷ ಆ ಪದವನ್ನು ಅರೆದು ಕುಡಿದೇ ಬಾಳಿದಳು. ಅಡುಗೆಮನೆಗೆ ಕಿಟಕಿ ಬೇಕೆನಿಸಿದಾಗ “ಗೋಡೆ ಹಾಗೇ ಇರ್ಲಿ” ಎಂದಳು, ಕಿಟಕಿ ಬಂತು. ತಂಗಿಯನ್ನು ನೋಡುವ ಆಸೆಯಾದಾಗ ಅವಳನ್ನೇ ಬೈದಳು. ಹಾಲಿಸ್ ಹೋಗಿ ಕರೆತಂದ. ‘ಬೇಕು’ ಎಂಬ ಮಾತೇ ಅವಳ ನಾಲಿಗೆಯಿಂದ ಕಳಚಿಬಿದ್ದಿತ್ತು.

ಆ ಜೂನ್‌ನಲ್ಲಿ ಹಾಲಿಸ್ ಲಾಬ್‌ಸ್ಟರ್ ಹಿಡಿಯುವ ಬೋನುಗಳನ್ನು ಪಕ್ಕದ ಊರಿನವರ ನೀರಿಗೆ ಇಳಿಸಿದ. ನೀರಿನ ಮೇಲೆ ಗೆರೆಯಿಲ್ಲದಿದ್ದರೂ ಗಡಿ ಎಲ್ಲರಿಗೂ ಗೊತ್ತು. ಮೂರನೆಯ ದಿನ, ಅವನ ಬೋನುಗಳ ಗುರುತಿಗೆ ತೇಲುವ ಬೆಂಡುಗಳ ಕಡ್ಡಿಗೆ ಯಾರೋ ಹಗ್ಗವನ್ನು ಎರಡು ಸುತ್ತು ಬಿಗಿದಿದ್ದರು. ಅದು ಎಚ್ಚರಿಕೆ. ಇನ್ನೊಂದು ಬರುವುದಿಲ್ಲ, ಹಗ್ಗ ಕತ್ತರಿಸುತ್ತಾರೆ, ಬೋನು ಕಡಲ ತಳದಲ್ಲೇ ಉಳಿಯುತ್ತದೆ. ಮನೆಯ ಹಿಂದಿನ ಇಪ್ಪತ್ತು ಬಿಟ್ಟರೆ ಅವನ ಬೋನುಗಳೆಲ್ಲ ಅಲ್ಲೇ ಇದ್ದವು. ಅವು ಹೋದರೆ ದೋಣಿಗೆ ಕೆಲಸವಿಲ್ಲ. ಎಪ್ಪತ್ತು ದಾಟಿದವನನ್ನು ಬೇರೆ ಯಾರು ಹತ್ತಿಸಿಕೊಳ್ಳುತ್ತಾರೆ?

ಬುತ್ತಿ ತಂದ ಅರ್ವಿಲ್ಲಾಗೆ ದೋಣಿಗಳು ನಿಲ್ಲುವ ಧಕ್ಕೆಯ ಮೇಲೆ ಊರಿನ ಮೀನುಗಾರ ಮರ್ಲ್ ಆಲೀಯ ದನಿ ಕೇಳಿಸಿತು.

“ಬೇಗ ಎತ್ತಿಬಿಡಪ್ಪಾ ಹಾಲಿಸ್. ಅವ್ರನ್ನ ಎದುರಿಸೋದು ನಿನ್ ಕೈಲಾಗೋ ಕೆಲ್ಸ ಅಲ್ಲ.”

ಹೇಳಿದವನು ಉಳಿದವರತ್ತ ಕಣ್ಣು ಮಿಟುಕಿಸಿದ. ಎಲ್ಲರೂ ನಗು ನುಂಗಿಕೊಂಡರು. ಮುದುಕ ಮುಳುಗುವುದನ್ನು ನೋಡುವ ಮೋಜು ಅವರಿಗೆ ಬೇಕಿತ್ತು.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅರ್ವಿಲ್ಲಾ ತನ್ನ ಹಳೆಯ ದಾರಿಯನ್ನೇ ಹಿಡಿದಳು.

“ಎತ್ತಬೇಡ. ಹಿತ್ತಲಲ್ಲಿರೋ ಇಪ್ಪತ್ತನ್ನೂ ಅಲ್ಲೇ ಹಾಕು. ಏನ್ ಕಿತ್ಕೋತಾರೋ ನೋಡೋಣ.”

ಹಾಲಿಸ್ ಚಮಚ ಕೆಳಗಿಟ್ಟ. “ನಾನೇನ್ ದಡ್ಡ ಅಂದ್ಕೊಂಡ್ಯಾ? ಆ ಕಿಟಕಿ ಯಾರಿಗ್ ಬೇಕಿತ್ತು ಅಂತ ನಂಗ್ ಗೊತ್ತಿರ್ಲಿಲ್ವಾ?”

ಅರ್ವಿಲ್ಲಾ ಅವನತ್ತ ತಿರುಗಿದಳು. “ಗೊತ್ತಿದ್ದೂ ಸುಮ್ನಿದ್ಯಾ?”

“ನೀನು ಸುತ್ತಿ ಬಳಸಿ ಒದ್ದಾಡೋದು ನೋಡೋಕೆ ಚೆಂದ ಇತ್ತು ಕಣೇ.”

ಅವಳು ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಹಾಲಿಸ್, ನೇರವಾಗಿ ಹೇಳ್ತಿದೀನಿ. ಎತ್ತಿಬಿಡು. ಭಯ ಆಗ್ತಿದೆ ನಂಗೆ.”

“ಮೊದ್ಲು ಹೇಳಿದ್ದೇ ಚೆನ್ನಾಗಿತ್ತು,” ಎಂದು ಅವನು ಹಿತ್ತಲಿಗೆ ಹೋದ. ಬೋನುಗಳು ಒಂದೊಂದಾಗಿ ಗಾಡಿಗೆ ಬೀಳುವ ಸದ್ದನ್ನು ಅವಳು ಕೂತಲ್ಲೇ ಕೇಳಿದಳು.

ಎರಡು ದಿನ ಕಳೆದು ನೋಡಿದರೆ ಆ ನೀರಿನಲ್ಲಿ ಹಾಲಿಸ್‌ನ ಒಂದು ಬೆಂಡೂ ಇರಲಿಲ್ಲ. ಅವನು ಧಕ್ಕೆಗೆ ಬಂದು, ಎಲ್ಲರಿಗೂ ಕೇಳುವಂತೆ ಮರ್ಲ್‌ಗೆ ಹೇಳಿದ: “ಹುಟ್ಟಿದಾರಭ್ಯ ಒಂದೇ ಒಂದ್ಸಲ ಹೆಂಡ್ತಿ ಮಾತು ಕೇಳಿ ಇದ್ದದ್ದನ್ನೆಲ್ಲ ಅಲ್ಲೇ ಹಾಕ್ದೆ. ನೋಡು, ನನ್ ಗತಿ!”

ಧಕ್ಕೆಗೆ ಧಕ್ಕೆಯೇ ನಕ್ಕಿತು. ಅಂದಿನಿಂದ ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಹೆಂಗಸರು ಅರ್ವಿಲ್ಲಾಳನ್ನು ಕೇಳುತ್ತಲೇ ಇದ್ದಾರೆ, “ಅಲ್ಲ, ನೀನ್ ಯಾಕಮ್ಮಾ ಹಂಗ್ ಹೇಳೋಕ್ ಹೋದೆ?” ಎಂದು. ಅವಳು ನೇರವಾಗಿ ಆಡಿದ ಆ ಮಾತನ್ನು ಕೇಳಿದವನು ಒಬ್ಬನೇ, ಅವನು ಹೇಳುವವನಲ್ಲ.