ಜಾನಬಿ ಆಪಾ ಮನಿ ತೋರಿಸೋ ರೀತಿ

ಮನಿ ದಲಾಲಿ ಮಾಡೋ ಮಂದಿ ಹೆಂಗಿರ್ತಾರ ಅಂಬೋದು ನಿಮಗ ಗೊತ್ತೇ ಅದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಾಗ ಎರಡು ಫೋನು, ಬಾಯಿ ತೆರದ್ರ 'ನಾಳಿಗೆ ಈ ರೇಟ್ ಸಿಗಂಗಿಲ್ಲ ನೋಡ್ರಿ' ಅಂಬೋ ಮಾತು. ಜಾನಬಿ ಆಪಾ, ಅಂದ್ರ ಜಾನಬಿ ಅಕ್ಕ, ಹಂಗಲ್ಲ. ಆಕಿ ಬಳಿ ಮಾರೋಕಿ. ತಲಿ ಮ್ಯಾಲ ಸೆರಗು, ಹೆಗಲಿಗೆ ಬಳಿ ಚೀಲ, ಬಾಯಾಗ ಎಲಿ ಅಡಿಕಿ. ಶಹಾಬಾದಿನಾಗ ಮುಂಜಾನಿ ಪ್ಯಾಸೆಂಜರ್ ಹತ್ತಿದ್ಳಂದ್ರ ಒಂದಿನ ವಾಡಿ, ಒಂದಿನ ಚಿತ್ತಾಪುರ, ಒಂದಿನ ಸೇಡಂ. ಮನಸ್ಸಿಗೆ ಬಂದ್ರ ಸೇಡಂದಿಂದ ಬಸ್ ಹಿಡಿದು ಚಿಂಚೋಳಿಗೂ ಹೋಗಿ ಬರ್ತಾಳ. ಗಂಡ ಶೌಕತ ಅಲಿ ಫರಸಿ ಕಲ್ಲು ಪಾಲಿಶ್ ಮಾಡೋ ಮಷೀನಿನ ಮ್ಯಾಲ ಕೆಲಸ ಮಾಡ್ತಾನ. 'ಇಕಿ ಮನಿಯೊಳಗ ಇರೋದಕ್ಕಿಂತ ರೈಲಿನಾಗ ಇರೋದೇ ಜಾಸ್ತಿ' ಅಂತ ಗೊಣಗ್ತಾನ, ಆದ್ರೂ ಸಂಜಿಗೆ ಸ್ಟೇಷನ್‌ಗೆ ಬಂದು ಚೀಲ ಹೊತ್ಕೊಂಡು ಹೋಗವನೂ ಅವನೇ.

ನಾ ಸಾಬಮ್ಮ. ವಾಡಿಯೊಳಗ ಖಾನಾವಳಿ ನಡಸ್ತೀನಿ. ಜೋಳದ ರೊಟ್ಟಿ, ಪುಂಡಿಪಲ್ಯ, ಬ್ಯಾಳಿ, ಶೇಂಗಾ ಹಿಂಡಿ ಅಂದ್ರ ಚಟ್ನಿಪುಡಿ. ಸಾಬಮ್ಮನ ಹಿಂಡಿಗಿಂತ ಆಕಿ ನಾಲಿಗಿ ಖಾರ ಅಂತ ರೈಲ್ವೆ ಮಂದಿ ಚಾಷ್ಟಿ ಮಾಡ್ತಾರ. ಮಾಡ್ಲಿ, ಊಟಕ್ಕಂತೂ ಬರ್ತಾರಲ್ಲ. ಆದ್ರ ಜಾನಬಿ ಆಪಾನ ಬಗ್ಗೆ ಯಾರರ ಹಗುರ ಮಾತಾಡಿದ್ರೋ, ಅವರ ತಾಟಿಗೆ ಎರಡನೇ ರೊಟ್ಟಿ ಬೀಳಂಗಿಲ್ಲ.

ಬಳಿ ಮಾರೋಕಿಗೆ ಮನಿ ಮಾರೋ ದಂಧೆ ಎಲ್ಲಿಂದ ಬಂತು ಅಂತೀರೇನು? ವಿಚಾರ ಮಾಡ್ರಿ. ದಲಾಲ ಪಡಸಾಲಿಯೊಳಗೇ ಕುಂದರ್ತಾನ, ಇಕಿ ಸೀದಾ ಅಡಗಿ ಮನಿಗೆ ಹೋಗಿ ಕುಂದರ್ತಾಳ. ಹೆಣ್ಣುಮಗಳ ಕೈ ಹಿಡಿದು, ಬೆರಳು ಮೆತ್ತಗ ಒತ್ತಿ ಒತ್ತಿ ಬಳಿ ಏರಿಸೋತನ ಆಕಿ ಎದಿಯೊಳಗಿದ್ದದ್ದೆಲ್ಲ ಬಾಯಿಗೆ ಬರ್ತದ. ಒಮ್ಮೆ ಸೇಡಂದಾಗ ಒಬ್ಬಾಕಿ ಬಳಿ ಇಟ್ಕೋತ ಅತ್ಲಂತ: ಮನಿ ಮಾರೋದದ, ದಲಾಲರು ಭಾಳ ಕಮ್ಮಿ ಕೇಳಾಕತ್ತಾರ. ಅದೇ ವಾರ ಚಿಂಚೋಳಿಯೊಳಗ ಇನ್ನೊಬ್ಬಾಕಿ ಅಂದ್ಳಂತ: ಮಗನಿಗೆ ಸೇಡಂ ಕಡಿ ನೌಕರಿ ಆಗ್ಯದ, ಅಲ್ಲೊಂದು ಮನಿ ಆಗಬೇಕಿತ್ತು. ಜಾನಬಿ ಆಪಾ ಇಬ್ಬರನ್ನೂ ಕೂಡಿಸಿ ಚಹಾ ಕುಡಿಸಿದ್ಳು. ವ್ಯಾಪಾರ ಆಯ್ತು. ಇಬ್ಬರೂ ಖುಷಿಲೆ ಆಕಿ ಕೈಯಾಗ ಕಮಿಷನ್ ಇಟ್ಟರು. ಅವತ್ತಿಂದ ಬಳಿ ಚೀಲದ ಜೋಡಿ ನಾಕೂರ ಮನಿ ಕೀಲಿಗೋಳೂ ಕೂಡಿ ತಿರಗಾಕತ್ತವು.

ಆಕಿ ಜೋಡಿ ರೈಲಿನಾಗ ಕುಂತ್ರ ಟೈಮ್ ಹೋದದ್ದೇ ಗೊತ್ತಾಗಂಗಿಲ್ಲ. ಸೇಡಂದಾಗ ಬಸ್ ಸ್ಟ್ಯಾಂಡ್ ಮಗ್ಗಲ ಎರಡು ಖೋಲಿಗೆ ಕೇಳೋ ರೊಕ್ಕದಾಗ ಚಿಂಚೋಳಿ ಕಡಿ ಹಿತ್ತಲ, ಬೇವಿನ ಗಿಡ ಸಮೇತ ದೊಡ್ಡ ಮನಿ ಬರ್ತದಂತ. ಚಿತ್ತಾಪುರದಾಗ ಕಚೇರಿ ರೋಡಿಗೆ ಒಂದು ರೇಟು, ಅದರ ಹಿಂದಿನ ಓಣಿಗೇ ಬ್ಯಾರೆ ರೇಟು. ಶಹಾಬಾದಿನಾಗ ಅರಮನಿ ಅಂಥ ಫರಸಿ ಮನಿ ಕೇಳೋರಿಲ್ದ ಬಿದ್ದಾವ. 'ಕಲ್ಲು ಅದೇ, ಸಿಮೆಂಟ್ ಅದೇ, ಕಟ್ಟಿದ ಗೌಂಡಿ ಸೈತ ಅವನೇ ಇರ್ತಾನ ಸಾಬವ್ವಾ. ರೇಟ್ ಗ್ವಾಡಿಯೊಳಗ ಇರಂಗಿಲ್ಲ, ಗ್ವಾಡಿ ಹೊರಗ ಇರ್ತದ' ಅಂತಿದ್ಳು. ನಾ ಹೂಂ ಹೂಂ ಅನಕೋತ ಕಿಡಕಿ ಹೊರಗ ನೋಡ್ತಿದ್ದೆ. ಬಾಡಿಗಿ ಮನಿಯಾಗ ಹುಟ್ಟಿ, ಬಾಡಿಗಿ ಮನಿಗೇ ಲಗ್ನ ಆಗಿ ಬಂದ ನನಗ ರೇಟ್ ತಗೊಂಡು ಏನಾಗಬೇಕಿತ್ತು?

ಮನಿ ತೋರಿಸೋದ್ರಾಗ ಆಕೀದೊಂದು ಕಟ್ಟಳಿ ಅದ. ಬಯಾನಾ, ಅಂದ್ರ ಮುಂಗಡ ರೊಕ್ಕ ಕೊಡೋಕಿಂತ ಮೊದಲ, ಮನಿ ತಗೊಳ್ಳೋ ಹೆಣ್ಣುಮಗಳು ಆ ಮನಿಯೊಳಗ ಒಲಿ ಹಚ್ಚಬೇಕು. ಒಂದು ಹೊತ್ತಿನ ರೊಟ್ಟಿ ಬಡಿದು, ಎಡಕಿನ ಮನಿಗೊಂದು ತಾಟು, ಬಲಕಿನ ಮನಿಗೊಂದು ತಾಟು ಕೊಟ್ಟು ಬರಬೇಕು. ಮಾಲಕರು ಸಿಡಿಮಿಡಿ ಆಗ್ತಾರ, ಇದೇನು ಮನಿ ನೋಡೋದೋ, ಛತ್ರ ಮಾಡೋದೋ ಅಂತ. ಆಪಾ ಕಿವಿ ಮ್ಯಾಲ ಹಾಕ್ಕೊಳಂಗಿಲ್ಲ. ಯಾಕಂದ್ರ ಮನಿ ಹುಳುಕು ಮಾಲಕ ಹೇಳಂಗಿಲ್ಲ, ತಾಟು ವಾಪಸ್ ಕೊಡಾಕ ಬಂದ ಬಾಜು ಮನಿಯಾಕಿ ಹೇಳ್ತಾಳ. ನಮ್ಮ ಕಡಿ ಹೆಣ್ಣುಮಕ್ಕಳು ತಾಟು ಕೊಟ್ಟು ಸುಮ್ನ ಹೋದದ್ದನ್ನ ನೀವು ಕಂಡೀರೇನು? ಹೊಸ್ತಲದಾಗ ನಿಂತು, ನಳ ಯಾವಾಗ ಬರ್ತದ, ಮಳಿ ಬಂದ್ರ ಎಲ್ಲಿ ಸೋರ್ತದ, ಮೊದಲಿದ್ದವರು ಯಾಕ ಬಿಟ್ಟು ಹೋದರು, ಎಲ್ಲಾ ಹೇಳಿ, ಇನ್ನೊಂದು ತಾಸು ನಿಂತೇ ಹೋಗ್ತಾರ.

ಹೋದ ವರ್ಷ ಆ ಕಟ್ಟಳಿ ನನ್ನ ಕೊಳ್ಳಿಗೇ ಬಂತು. ಸ್ಟೇಷನ್ ಮುಂದಿನ ಓಣಿಯೊಳಗ ದೇವಿಂದ್ರಪ್ಪನವರ ಮನಿ ಬಾಡಿಗಿ ಹಿಡಿದು ನಾ ಖಾನಾವಳಿ ನಡಸ್ತಿದ್ದೆ. ಮುಂದಿನ ಖೋಲಿಯಾಗ ಊಟ, ಹಿಂದಿನ ಖೋಲಿಯಾಗ ನನ್ನ ಸಂಸಾರ. ಒಂದಿನ ದೇವಿಂದ್ರಪ್ಪನವರು ಬಂದು, ಉಂಡು, ಕೈ ತೊಳಕೊಂಡು ಅಂದರು:

"ಸಾಬಮ್ಮ, ಮನಿ ಮಾರ್ಲಿಕತ್ತೀನಿ. ಹೋಟೆಲ್ ಇಡೋವ ಒಬ್ಬ ಬಂದಾನ, ಭಾರಿ ರೇಟ್ ಹೇಳ್ಯಾನ. ದೀಪಾವಳಿ ಒಳಗ ಖಾಲಿ ಮಾಡಿಬಿಡು."

"ನನಗೇ ಕೊಡ್ರಿ ಯಜಮಾನ್ರ. ಇದ್ದದ್ದೆಲ್ಲ ಕೂಡಿಸಿ ಕೊಡ್ತೀನಿ."

"ಅಷ್ಟು ನಿನ್ನ ಕೈಲಿ ಆಗಂಗಿಲ್ಲವ್ವ. ಈ ಓಣಿಗೆ ಈಗ ಭಾಳ ಬೆಲೆ ಬಂದದ."

ಅವರು ಸಿಟ್ಟಿಲೆ ಅನ್ನಲಿಲ್ಲ, ಸಮಾಧಾನದಿಂದಲೇ ಅಂದರು. ಅದೇ ನನಗ ಹೆಚ್ಚು ಚುಚ್ಚಿತು. ಮನಿ ಹೋದ್ರ ನನಗ ಮಲಗಾಕ ಜಾಗ ಅಷ್ಟೇ ಹೋಗಂಗಿಲ್ಲ, ಒಲಿನೂ ಹೋಗ್ತದ. ಒಲಿ ಆರಿತಂದ್ರ ನಾ ಏನು ತಿನ್ನಲಿ? ಜಾನಬಿ ಆಪಾಗ ಫೋನ್ ಹಚ್ಚಿ ಅತ್ತೆ. "ಅಳಬ್ಯಾಡ ತಂಗಿ, ನಾಳಿ ಬರ್ತೀನಿ. ಹಿಟ್ಟು ನಾದೋ ಪರಾತ, ತವಾ ತಗೊಂಡು ತಯಾರಿರು" ಅಂದ್ಳು.

ತಿರಗಿದೆವು ನೋಡ್ರಿ, ಊರೂರು! ಸೇಡಂದಾಗ ಮನಿ ಚಂದಿತ್ತು, ರೇಟ್ ಕೇಳಿ ನಾ ಕೆಳಗೇ ಕುಂತೆ. ಚಿಂಚೋಳಿ ಗಾಳಿ, ನೀರು ಛಲೋ, ಮನಿನೂ ಅಗ್ಗ, ಆದ್ರ ಓಣಿಯೊಳಗ ಎಲ್ಲರ ಮನಿಯಾಗೂ ರೊಟ್ಟಿ ಬಡಿಯೋರಿದ್ದರು, ರೊಕ್ಕ ಕೊಟ್ಟು ಉಣ್ಣೋರು ಯಾರು? ಚಿತ್ತಾಪುರದಾಗ ಮಾಲಕ ಖಾನಾವಳಿ ಅಂದ ಕೂಡಲೇ ಮುಖ ಸಿಂಡರಿಸಿದ, ಹೊಗಿಲೆ ಗ್ವಾಡಿ ಕರ್ರಗಾಗ್ತದಂತ. ಶಹಾಬಾದಿನ ಮನಿಗೆ ಮಾತ್ರ ನಾ ಮರುಳಾದೆ. ಎಷ್ಟು ದೊಡ್ಡದದ, ಎಂಥಾ ನುಣ್ಣನ ಫರಸಿ ಅದ! ಈಗಲೇ ಬಯಾನಾ ಕೊಡೋಣು ಅಂದೆ. ಆಪಾ ಒಲಿ ಹಚ್ಚು ಅಂದ್ಳು. ಹಚ್ಚಿದೆ. ರೊಟ್ಟಿ ಬಡಿಯೋ ಹೊತ್ತಿನಾಗ ದೂರ ಖಣಿಯೊಳಗ ಧಡಂ ಅಂತ ಸಪ್ಪಳ ಆಗಿ, ಮ್ಯಾಲಿನ ಕಲ್ಲಿನ ಸಂದಿನಿಂದ ಮಣ್ಣು ಉದುರಿ ನಾದಿದ ಹಿಟ್ಟಿನ ಮ್ಯಾಲ ಬಿತ್ತು. ತಾಟು ವಾಪಸ್ ಕೊಡಾಕ ಬಂದ ಬಾಜು ಮನಿಯಾಕಿ ಆಶಾಬಿ ನಕ್ಕೋತ ಅಂದ್ಳು: "ದಿನಾ ಈ ಹೊತ್ತಿಗೆ ನಾವೆಲ್ಲ ಗಡಿಗಿ ಮುಚ್ಚೇ ಇಡ್ತೀವ್ರಿ." ಅಂದಾಕಿ ಹೋಗಲಿಲ್ಲ, ಅದೇ ಧೂಳಿನಾಗ ಕುಂತು, ಹಿಂಡಿ ಹಚ್ಕೊಂಡು ಇನ್ನೊಂದು ರೊಟ್ಟಿ ತಿಂದ್ಳು. ಜಾನಬಿ ಆಪಾ ಆಕಿನ್ನೇ ನೋಡಿದ್ಳು, ಆಮ್ಯಾಲ ನನ್ನ ನೋಡಿದ್ಳು. ನನಗ ಆವಾಗ ಹಿಟ್ಟು ಹಾಳಾದ ಚಿಂತಿ.

ಆಮ್ಯಾಲ ಆಕಿ ನನ್ನ ವಾಡಿಗೇ ವಾಪಸ್ ಕರಕೊಂಡು ಬಂದ್ಳು. ಆದ್ರ ರೈಲ್ ಪಟ್ರಿ ಆಚಿ ಕಡಿ. ಅಲ್ಲಿ ಸಿರಾಜುದ್ದೀನ ಅಂಬವರ ಮನಿ ಮಾರೋದಿತ್ತು. ನಮ್ಮ ಓಣಿ ರೇಟಿನ ಅರ್ಧಕ್ಕೂ ಕಮ್ಮಿ. ಕಮ್ಮಿ ಯಾಕಿರಬಾರದು? ಪುಲ್ ಹತ್ತಿ ಇಳಿಬೇಕು, ಆಟೋ ಬರಂಗಿಲ್ಲ, ಒಂದು ಚಹಾದಂಗಡಿ ಸೈತ ಇಲ್ಲ. ಹಗಲು ಹೊತ್ತಿನಾಗೂ ನಾಯಿ ಬೊಗಳೋದು ಬಿಟ್ಟರ ಸಪ್ಪಳಿಲ್ಲ. ನಾ ತವಾ ಕೆಳಗಿಟ್ಟು ಒಲಿ ಎಲ್ಲಿ ಹಚ್ಚಲಿ ಅಂತ ನೋಡಾಕತ್ತಿದ್ದೆ. ಆಪಾ ನನ್ನ ರಟ್ಟಿ ಹಿಡಿದು ಅಂದ್ಳು:

"ಇಲ್ಲಿ ಒಲಿ ಬ್ಯಾಡ. ಮೊದಲ ಬಯಾನಾ ಕೊಡು."

ನಾ ರಟ್ಟಿ ಕೊಸರಿಕೊಂಡೆ. "ಯಾಕ? ಎಲ್ಲಾರಿಗೂ ಒಲಿ ಹಚ್ಚಿ ನೋಡು ಅಂತಿ, ನನಗೇ ಯಾಕ ಬ್ಯಾಡ? ಆ ಸಿರಾಜುದ್ದೀನ ನಿನಗೇನರ ಜಾಸ್ತಿ ಕೊಡ್ತೀನಂದಾನೇನು?"

ಈ ಮಾತು ಅಂದಾಗ ಆಕಿ ಮುಖ ಸಣ್ಣದಾಯ್ತು. ಬ್ಯಾರೆ ಯಾರರ ಆಗಿದ್ರ ಚೀಲ ಎತ್ಕೊಂಡು ಹೋಗೇ ಬಿಡ್ತಿದ್ರು. ಇಕಿ ಬಾಯಾಗಿನ ಎಲಿ ಉಗುಳಿ ಬಂದು, ಕಟ್ಟಿ ಮ್ಯಾಲ ಕುಂತು ಅಂದ್ಳು: "ಬೈಯೋದಿದ್ರ ಇನ್ನೊಂದೀಟು ಬೈ, ನಾ ಕುಂತೀನಿ. ಆದ್ರ ಬಯಾನಾ ಕೊಟ್ಟು ಚೀಟಿ ಬರಿಸ್ಕೋ. ಇದು ಕೆಟ್ಟರ ನಾ ಮನಿ ಮಾರಿ ನಿನಗ ತುಂಬಿ ಕೊಡ್ತೀನಿ." ಆಕಿ ಸ್ವಂತ ಮನಿ ಅಂಬೋದು ಶಹಾಬಾದಿನಾಗ ಒಂದೂವರಿ ಖೋಲಿ. ಅದನ್ನೇ ಮಾರ್ತೀನಂದ್ಳು. ಗೊಣಗಿಕೋತ ಕೊಟ್ಟೆ.

ಉಳಿದ ರೊಕ್ಕ ರಿಜಿಸ್ಟ್ರಿ ದಿನ ಕೊಡೋದು ಅಂತ ಮಾತಾಡ್ಕೊಂಡು, ದೀಪಾವಳಿಗಿಂತ ಮೊದಲೇ ಸಾಮಾನು ಪುಲ್ ದಾಟಿಸಿದೆ. ಮೊದಲನೇ ದಿನ ನಾಕು ಮಂದಿ ಬಂದರು. ಬಡಿದ ರೊಟ್ಟಿ ಉಳದದ್ದು ನೋಡಿ ನನ್ನ ಕಣ್ಣಾಗ ನೀರು. ಮರುದಿನ ಗೂಡ್ಸ್ ಗಾಡಿ ಡ್ರೈವರ್‌ಗೋಳು ಹುಡಿಕಿಕೊಂಡು ಬಂದರು, "ಏನವ್ವಾ, ಹೇಳದಂಗ ಓಡಿ ಬಂದೀಯಲ್ಲ" ಅಂತ ಬೈಕೋತ. ಅವರ ಹಿಂದ ಗ್ಯಾಂಗ್‌ಮನ್ ಮಂದಿ, ಅವರ ಹಿಂದ ಲಾರಿ ಮಂದಿ. ತಿಂಗಳು ತುಂಬೋದ್ರೊಳಗ ಪುಲ್ ಕೆಳಗ ಒಬ್ಬ ಪಾನ್ ಡಬ್ಬಿ ಇಟ್ಟ, ಇನ್ನೊಬ್ಬ ಚಹಾದ ಬಂಡಿ ತಂದ. ಆಟೋದವರು ಸುತ್ತ ಹಾಕಿ ಬರಾಕತ್ತರು. ಅತ್ತ ಸ್ಟೇಷನ್ ಮುಂದಿನ ಓಣಿ ತಣ್ಣಗಾಯ್ತು. ಆ ಹೋಟೆಲ್‌ನವ ದೇವಿಂದ್ರಪ್ಪನವರಿಗೆ ಕೈ ಕೊಟ್ಟು, ಸೀದಾ ಸಿರಾಜುದ್ದೀನನ್ನ ಹುಡಿಕಿಕೊಂಡು ಹೋದ, ನಾ ಇದ್ದ ಮನಿನೇ ಕೇಳಾಕ.

ಒಂದಿನ ಮಧ್ಯಾಹ್ನ ಸಿರಾಜುದ್ದೀನ ನನ್ನ ಮುಂದ ಬಂದು ತಲಿ ಕೆಳಗ ಹಾಕಿ ನಿಂತ. ಕೈಯಾಗ ನನ್ನ ಬಯಾನಾದ ಎರಡು ಪಟ್ಟು ರೊಕ್ಕ. ನಮ್ಮ ಕಡಿ ರಿವಾಜು ಹಂಗೇ ಅದ: ಬಯಾನಾ ಡಬಲ್ ಮಾಡಿ ವಾಪಸ್ ಕೊಟ್ಟರ ಮಾತು ಮುರದಂಗ. "ಮಾಫ್ ಮಾಡ್ರಿ ಅಕ್ಕೋರೆ. ಮಗಳು ಹುಮೇರಾನ ಶಾದಿ ಮುಂದದ. ಆ ಮನುಷ್ಯ ಭಾಳ ಜಾಸ್ತಿ ಕೊಡ್ತೀನಿ ಅಂತಾನ" ಅಂದ. ಕೆಟ್ಟವನಲ್ಲ ಅವ. ಆದ್ರ ನನ್ನ ಕೈ ಹಿಟ್ಟಿನಾಗೇ ನಿಂತುಬಿಟ್ಟವು. ಮತ್ತ ಊರೂರು ತಿರಗೋ ಶಕ್ತಿ ನನ್ನಾಗ ಇರಲಿಲ್ಲ.

ಪುಣ್ಯಕ್ಕ ಅವತ್ತು ಜಾನಬಿ ಆಪಾ ವಾಡಿಯೊಳಗೇ ಇದ್ದಳು. ಬಂದು, ನೀರು ಕುಡಿದು, ಅವನ ಮುಂದ ಕುಂತ್ಳು. ಜಗಳಾಡಲಿಲ್ಲ.

"ಭಾಯ್, ರೊಕ್ಕ ತಗೊಂಡು ಚೀಟಿ ವಾಪಸ್ ಕೊಡ್ತೀವಿ. ಆದ್ರ ಆ ಹೋಟೆಲ್‌ನವನಿಗೆ ಒಂದೇ ಮಾತು ಕೇಳಿ ಬಾ. ನಾಳಿಗೆ ಸಾಬಮ್ಮ ತವಾ, ಪರಾತ ಎತ್ಕೊಂಡು ಚಿತ್ತಾಪುರಕ್ಕ ಹೋಗ್ತಾಳ. ಆಕಿ ಹೋದ ಮ್ಯಾಲೂ ಇದೇ ರೇಟ್ ಕೊಡ್ತೀಯೇನು ಅಂತ ಕೇಳು. ಕೇಳಿ, ಬರೋ ಮುಂದ ದೇವಿಂದ್ರಪ್ಪನ ಓಣಿಯಾಗ ಹಾದು ಬಾ."

ಅವ ಹೋದ. ನನಗ ಆವಾಗ ಅರ್ಥ ಆಯ್ತು. "ಅಂದ್ರ ಆಪಾ, ನೀ ಮೊದಲ ಬಯಾನಾ ಕೊಡಿಸಿದ್ದು..."

"ಮತ್ತೇನು! ನಿನ್ನ ಒಲಿ ಹತ್ತಿದ ಮ್ಯಾಲ ಅವ ಆ ರೇಟಿಗೆ ಕೊಡ್ತಿದ್ದನೇನು? ಇಷ್ಟು ವರ್ಷ ಮನಿ ತೋರಿಸೀನಿ, ಮಂದಿ ಮನಿ ನೋಡಿ ಕುಂತದ್ದು ಕಂಡೀನಿ. ಉದುರೋ ಧೂಳಿನಾಗ ರೊಟ್ಟಿ ಸಲುವಾಗಿ ಕುಂತದ್ದು ಆಶಾಬಿ ಒಬ್ಬಾಕಿನೇ. ಅವತ್ತೇ ಗೊತ್ತಾಯ್ತು ನನಗ, ದೇವಿಂದ್ರಪ್ಪನ ಓಣಿಗೆ ಬೆಲೆ ತಂದಾಕಿ ಯಾರು ಅಂತ. ಬಾಯಿ ಬಿಟ್ಟು ಹೇಳಿದ್ರ ನೀ ಸುಮ್ನಿರೋಕೇನು? ಊರೆಲ್ಲ ಹೇಳಿ ಬರ್ತಿದ್ದಿ."

ಅದಂತೂ ಖರೆ.

ಸಿರಾಜುದ್ದೀನ ತಿರುಗಿ ಬರೋದಕ್ಕ ಭಾಳ ಹೊತ್ತು ಹಿಡೀತು. ಹೋಟೆಲ್‌ನವ, ಸಾಬಮ್ಮ ಊರೇ ಬಿಟ್ಟು ಹೋದ್ರ ಆ ಕಡಿ ಯಾರು ಬರ್ತಾರ, ನನಗ ಆ ಮನಿ ಯಾಕ ಬೇಕು ಅಂದನಂತ. ದೇವಿಂದ್ರಪ್ಪನ ಮನಿಗೆ ಕೀಲಿ ಬಿದ್ದದ್ದನ್ನೂ, ಬಾಗಲಿಗೆ 'ಮಾರುವುದಿದೆ' ಅಂತ ಬರೆದದ್ದನ್ನೂ ಕಣ್ಣಾರೆ ನೋಡಿ ಬಂದಿದ್ದ. ರೊಕ್ಕದ ಗಂಟು ಕಿಸೆಯೊಳಗ ಇಟ್ಕೊಂಡು, ಎಲ್ಲರ ಸಾಲಿನಾಗ ಕುಂತು, "ಊಟಕ್ಕ ನೀಡ್ರಿ ಅಕ್ಕೋರೆ. ಸೋಮವಾರ ರಿಜಿಸ್ಟ್ರಿ ಮಾಡೋಣು" ಅಂದ. ಹುಮೇರಾನ ಶಾದಿ ಅಡಗಿಗೆ ನಾನೇ ರೊಟ್ಟಿ ಬಡಿದು ಕೊಡ್ತೀನಿ, ಒಂದು ಪೈಸಾ ತಗೊಳಂಗಿಲ್ಲ ಅಂತ ನಾ ಮಾತು ಕೊಟ್ಟೆ.

ಸೋಮವಾರ ಚಿತ್ತಾಪುರದ ರಿಜಿಸ್ಟ್ರಿ ಕಚೇರಿಯೊಳಗ ಮಂದಿ ತುಂಬಿತ್ತು. ನಮ್ಮ ಪಾಳಿ ಬಂದಾಗ ಗುಮಾಸ್ತ ಕಂಪ್ಯೂಟರ್ ಮ್ಯಾಲಿಂದ ಕಣ್ಣು ತೆಗಿದೇ ಕೇಳಿದ, "ಮನಿ ಯಾರ ಹೆಸರಿಗ್ರಿ? ಗಂಡಂದು, ಮಗಂದು, ಹೇಳ್ರಿ." ನಾ ಬಯಾನಾದ ಚೀಟಿ ಅವನ ಮುಂದ ಸರಿಸಿದೆ. ಜಾನಬಿ ಆಪಾ ಹಿಂದಿಂದ ಗಂಟಲು ಹರಕೊಂಡು ಅಂದ್ಳು, "ಸಾಬಮ್ಮನ ಹೆಸರಿಗೇ! ಬರಕೋ." ಕಚೇರಿ ಮಂದಿಯೆಲ್ಲ ತಿರುಗಿ ನೋಡಿದರು. ನಾ ಅಲ್ಲೇ, ಅಷ್ಟು ಗಂಡಸರ ಮುಂದ, ಸೆರಗು ಬಾಯಿಗೆ ಒತ್ಕೊಂಡು ಅತ್ತುಬಿಟ್ಟೆ. ನಾ ಹೊಕ್ಕ ಓಣಿಗೆ ನನ್ನಿಂದ ಬೆಲೆ ಬರ್ತದಂತ ಮೊದಲ ಕಂಡಾಕಿ ನನ್ನ ಹೆಗಲ ಮ್ಯಾಲ ಕೈ ಇಟ್ಟು, "ಅಳೋದು ಆಮ್ಯಾಲ, ಮೊದಲ ಹೆಬ್ಬೆಟ್ಟು ಸರಿಯಾಗಿ ಇಡು" ಅಂತ ಬೈದಳು.