ಎಡ ಮೂಲೆಗೆ ಯಾರು?

ಕಬಡ್ಡಿಯಲ್ಲಿ ಎಡ ಮೂಲೆಯವನ ಕೆಲಸ ಅಂದರೆ ಕಾಯುವುದು. ದಾಳಿಗೆ ಬಂದ ರೇಡರ್‌ನ ಕಾಲು ಕೈಗೆಟುಕುವ ತನಕ ಉಸಿರು ಬಿಗಿಹಿಡಿದು ಕಾಯಬೇಕು. ಎಟುಕಿತೋ, ಕಣಕಾಲಿಗೆ ಕೈ ಹಾಕಿ ಕೆಡವಬೇಕು. ಮೀಸೆ ಚಿಗುರಿದಾಗಿನಿಂದ ಅಜ್ಜಂಪುರದ ತಂಡಕ್ಕೆ ಆ ಮೂಲೆ ಕಾದವನು ನಾನು. ಅಂಥವನಿಗೆ ಕಡೂರಿನ ಕಲ್ಯಾಣ ಮಂಟಪದ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂರಲು ಆಗುತ್ತಿರಲಿಲ್ಲ. ಎದ್ದು ಹೋಗಿ ಟೀ ಕುಡಿದೆ. ಬಂದು ಕೂತೆ. ಮತ್ತೆ ಎದ್ದು ಹೋಗಿ ನೀರು ಕುಡಿದೆ. ಪಕ್ಕದವನು, "ಏನಣ್ಣ, ಹೊಟ್ಟೆ ಸರಿಯಿಲ್ವಾ?" ಎಂದು ಕೇಳಿಯೇಬಿಟ್ಟ.

ಹೊಟ್ಟೆ ಸರಿಯಾಗಿಯೇ ಇತ್ತು. ಸರಿಯಿಲ್ಲದ್ದು ಬಲಗಾಲಿನ ಮಂಡಿ. ಅದು ಎಲ್ಲರಿಗೂ ಗೊತ್ತಿತ್ತು.

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯ ತಂಡದವರು ವರ್ಷಕ್ಕೊಮ್ಮೆ ಹೀಗೆ ಸೇರಿ ಆಟಗಾರರನ್ನು ಹಂಚಿಕೊಳ್ಳುತ್ತಾರೆ. ಹರಾಜು ಇಲ್ಲ, ಸರದಿ ಅಷ್ಟೆ. ಹಳಬರಲ್ಲಿ ಕೆಲವರನ್ನು ಮೊದಲೇ ಉಳಿಸಿಕೊಳ್ಳಬಹುದು. ಮಿಕ್ಕವರೆಲ್ಲ ಕುರ್ಚಿಯಲ್ಲಿ ಕೂತಿರಬೇಕು. ಯಾರ ಸರದಿಯೋ ಅವರು ತಮಗೆ ಬೇಕಾದವನ ಹತ್ತಿರ ಬಂದು ಎಲೆ ಅಡಿಕೆ ಕೊಡುತ್ತಾರೆ. ವೀಳ್ಯ ಹಿಡಿದರೆ ಆ ವರ್ಷ ಅವನು ಅವರವನು. ಇದರ ಜೊತೆಗೆ ಎಲ್ಲೂ ಬರೆದಿಡದ ಒಂದು ಮರ್ಯಾದೆಯೂ ಇದೆ. ಒಬ್ಬನನ್ನು ಅವನ ಊರಿನವರು ಕರೆಯುವ ಮುಂಚೆ ಬೇರೆಯವರು ಮುಟ್ಟುವುದಿಲ್ಲ. ತಂಡವಿಲ್ಲದ ಸುತ್ತಲಿನ ಹಳ್ಳಿಯವರನ್ನು ಮಾತ್ರ ಯಾರು ಬೇಕಾದರೂ ಕರೆಯಬಹುದು.

ನಮ್ಮ ತಂಡಕ್ಕೆ ಆಯ್ಕೆ ಮಾಡುವವರು ನನ್ನ ಸೋದರಮಾವ. ನನಗೆ ಕಾಲು ಹಿಡಿಯುವುದನ್ನು ಕಲಿಸಿದವರೂ ಅವರೇ. ಈ ಸಲ ನನ್ನನ್ನು ಉಳಿಸಿಕೊಳ್ಳಲಿಲ್ಲ. ಹಿಂದಿನ ವಾರ ನನ್ನ ಮೋಟರ್ ವೈಂಡಿಂಗ್ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು, ಅದನ್ನು ನನಗೇ ಬಿಡಿಸಿ ಹೇಳಿದರು.

"ನಿನ್ನ ಉಳಿಸ್ಕೊಂಡ್ರೆ ಒಂದು ಜಾಗ ದಂಡ ಕಣೋ. ನಿನ್ನ ಯಾರ್ ಮುಟ್ತಾರೆ? ಮನೆ ಹುಡ್ಗ. ಮೊದಲ್ನೇ ಸರದೀಲಿ ಲಕ್ಕವಳ್ಳಿ ರೇಡರ್‌ನ ಎತ್ಕೊಂಬಿಡ್ತೀನಿ. ನಿಂದು ಎರಡನೇದ್ರಲ್ಲಿ."

"ರೇಡರ್‌ಗಳು ನಮ್ಮಲ್ಲಿ ತುಂಬ್ಕೊಂಡವ್ರಲ್ಲ ಮಾವ? ಖಾಲಿ ಇರೋದು ಎಡ ಮೂಲೆ."

"ಸಂತೇಲಿ ಒಳ್ಳೇ ಹೋರಿ ನಿಂತಿರುವಾಗ, ಮನೇಲಿ ಹಗ್ಗ ಇಲ್ಲ ಅಂತ ಹಗ್ಗ ತಗೊಂಡು ಬತ್ತಾರೇನೋ? ಹಗ್ಗ ಎಲ್ಲಾದ್ರೂ ಸಿಕ್ತದೆ."

ಲೆಕ್ಕಾಚಾರ ತಪ್ಪೆಂದು ನಾನು ಈಗಲೂ ಹೇಳುವುದಿಲ್ಲ. ಲಕ್ಕವಳ್ಳಿಯ ಆ ರೇಡರ್ ಅಂಕಣಕ್ಕೆ ಇಳಿದರೆ ನಾವೇ ಆಟ ಮರೆತು ನೋಡುತ್ತಾ ನಿಲ್ಲುತ್ತಿದ್ದೆವು. ಆದರೆ ಹಗ್ಗ ಅನ್ನಿಸಿಕೊಂಡವನಿಗೆ ಆ ರಾತ್ರಿ ಅನ್ನ ಸೇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತನ್ನು ಎಲ್ಲರೂ ಆಡುತ್ತಾರೆ. ಆ ಗಿಡವನ್ನು ಯಾರಾದರೂ ಕೇಳಿದ್ದಾರೆಯೇ?

ಚೀಟಿ ಎತ್ತಿದಾಗ ಮೊದಲ ಸರದಿ ಕಡೂರಿಗೆ ಬಂತು. ಆಮೇಲೆ ನಮ್ಮದು, ಕೊನೆಗೆ ತರೀಕೆರೆ. ಕೊನೆಯವರಿಗೆ ನಷ್ಟವಾಗಬಾರದೆಂದು ಎರಡನೇ ಸುತ್ತು ಅವರಿಂದಲೇ ಶುರುವಾಗಿ ಹಿಂದಕ್ಕೆ ಬರುತ್ತದೆ. ಕಡೂರಿನವರು ತಮ್ಮೂರ ಕವರ್ ಆಟಗಾರನನ್ನೇ ಕರೆದರು. ಮಾವ ಎದ್ದರು. ವೀಳ್ಯ ಹಿಡಿದು ನನ್ನ ಸಾಲಿನತ್ತಲೇ ಬಂದರು. ಎಲ್ಲಾ ಮೊದಲೇ ಗೊತ್ತಿದ್ದರೂ ನನ್ನ ಕೈ ತಾನಾಗಿಯೇ ಸ್ವಲ್ಪ ಮೇಲೆದ್ದಿತು. ಮಾವ ನನಗೆ ಕಣ್ಣು ಮಿಟುಕಿಸಿ, ಮುಂದೆ ಹೋಗಿ, ಲಕ್ಕವಳ್ಳಿಯವನ ಕೈಗೆ ಎಲೆ ಅಡಿಕೆ ಇಟ್ಟರು. ಚಪ್ಪಾಳೆ ಬಿತ್ತು. ಎದ್ದ ಕೈಯಲ್ಲಿ ನಾನು ತಲೆ ಕೆರೆದುಕೊಂಡೆ.

ತರೀಕೆರೆಗೆ ಆಯ್ಕೆ ಮಾಡುವವರು ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು. ಮೊದಲು ತಮ್ಮೂರಿನವನೊಬ್ಬನನ್ನು ಕರೆದರು. ಎರಡನೇ ಸುತ್ತಿನ ಮೊದಲ ಸರದಿಯೂ ಅವರದೇ, ಹಾಗಾಗಿ ಕೂರಲಿಲ್ಲ. ಇನ್ನೊಂದು ವೀಳ್ಯ ತಟ್ಟೆಯಿಂದ ಎತ್ತಿಕೊಂಡು ನಿಧಾನವಾಗಿ ನಡೆದು ಬಂದು ನನ್ನ ಎದುರಿಗೆ ನಿಂತರು.

ಮಾವ ಕುರ್ಚಿಯಿಂದಲೇ ಕೂಗಿದರು. "ಮೇಷ್ಟ್ರೇ, ಅವ್ನು ನಮ್ಮೋನು ಕಣ್ರೀ!"

"ನಿಮ್ಮೋನೇ ಸ್ವಾಮಿ. ನಿಮ್ಮ ಸರದಿ ಬಂದಿತ್ತು, ಬಿಟ್ಟು ಮುಂದಕ್ಕೆ ಹೋದ್ರಲ್ಲ" ಎಂದರು ಮೇಷ್ಟ್ರು, ತಿರುಗಿಯೂ ನೋಡದೆ. ಆಮೇಲೆ ನನಗೆ, "ನಮ್ಮ ಎಡ ಮೂಲೆ ಖಾಲಿ ಐತೆ ಕಣಪ್ಪ. ಬತ್ತೀಯಾ?"

ಮರ್ಯಾದೆಯ ಇನ್ನೊಂದು ಮಗ್ಗುಲು ಮಾವನಿಗೆ ಹೊಳೆದೇ ಇರಲಿಲ್ಲ. ಊರಿನವರ ಸರದಿ ಬರುವ ತನಕ ಮಾತ್ರ ಬೇರೆಯವರು ಮುಟ್ಟುವುದಿಲ್ಲ. ಊರಿನವರೇ ದಾಟಿ ಹೋದರೆ ಅವನು ಬಿಟ್ಟ ಆಳು. ಮೇಷ್ಟ್ರ ಭುಜದ ಹಿಂದೆ ಮಾವ ನನ್ನನ್ನೇ ನೋಡುತ್ತಾ ಹಿಡೀಬೇಡ ಎಂದು ತಲೆಯಾಡಿಸುತ್ತಿದ್ದರು. ನಾನು ಒಲ್ಲೆ ಅಂದಿದ್ದರೆ ಮೇಷ್ಟ್ರು ಸುಮ್ಮನೆ ಹಿಂದಿರುಗುತ್ತಿದ್ದರು. ಮುಂದಿನ ಸರದಿಗೆ ಮಾವ ಬಂದು ಕರೆಯುತ್ತಿದ್ದರು.

ಹಿಡಿದೆ. ಸಿಟ್ಟಿನಿಂದ ಹಿಡಿದೆನೋ ಸಂತೋಷದಿಂದಲೋ ಇವತ್ತಿಗೂ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು "ಬತ್ತೀಯಾ" ಎಂದು ಕೇಳಿರಲಿಲ್ಲ. ನನಗೆ ಅಳು ಬರುವಂತಾಗಿತ್ತು, ಅದಕ್ಕೆ ಎಲೆಯ ತೊಟ್ಟು ಮುರಿಯುತ್ತಾ ತಲೆ ತಗ್ಗಿಸಿದೆ.

ಸಂಜೆಯ ಪ್ಯಾಸೆಂಜರ್ ರೈಲಿನಲ್ಲಿ ಮಾವ, ನಾನು ಇಬ್ಬರೂ ಎದುರುಬದುರು ಕೂತೆವು. ಒಂದೇ ಊರಿಗೆ ಹೋಗಬೇಕಲ್ಲ, ಬೇರೆ ಡಬ್ಬಿ ಹತ್ತಿದರೆ ನೋಡಿದವರು ನಗುತ್ತಾರೆ. ಬೀರೂರಿನವರೆಗೆ ಮಾವ ಕಿಟಕಿಯಾಚೆ ನೋಡುತ್ತಾ ಕೂತಿದ್ದರು.

ಬೀರೂರು ದಾಟಿದ ಮೇಲೆ ಮಾವ ಕಿಟಕಿಯಿಂದ ಮುಖ ತಿರುಗಿಸಿದರು. ಪ್ರತಿ ವರ್ಷ ತಂಡ ಕಟ್ಟುವಾಗ ನನ್ನನ್ನು ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದರು.

"ಲೇ, ಎಡ ಮೂಲೆಗೆ ಯಾರ್ನ ಹಾಕ್ಲೋ ಈಗ?"

"ಇವತ್ತು ಎತ್ಕೊಂಡ್ರಲ್ಲ ಮಾವ, ಆ ಶಿವನಿ ಕಡೆಯೋನು, ಉದ್ದ ಕೈಯೋನು, ಅವನಿಗೆ..." ಎಂದು ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿದೆ.

ಮಾವ ಕಾದರು.

"ಹೌದಲ್ಲ" ಎಂದರು ಅವರು ಕೊನೆಗೆ. "ನಿನ್ನ ಕೇಳಂಗಿಲ್ಲ."